ಕೆರೆ ಕಾಯುತ್ತಿದ್ದ ಕಾಕಾ

ನೀರಿಗೆ ವಾಸನೆ ಇಲ್ಲ ಎಂದು ಶಾಲೆಯಲ್ಲಿ ಕಲಿಸಿದ್ದು ಸುಳ್ಳು. ನಮ್ಮ ನವಲಗುಂದ ಸೀಮೆಯ ಕೆರೆ ನೀರಿಗೆ ಒಂದು ವಾಸನೆ ಇದೆ, ಹಸಿ ಎರೆಮಣ್ಣಿನದು. ಮೊನ್ನೆ ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಾಗ ಮಗ ಬಳಸಲಿಕ್ಕೆಂದು ಒಂದು ಕೊಡ ಕೆರೆ ನೀರು ತಂದ. ಕೊಡದ ಬಾಯಿಗೆ ಮುಖ ಹಿಡಿದೆ. ಕಾಕಾ ನೆನಪಾದರು...

ಸ್ವಂತ ಕಾಕಾ ಅಲ್ಲ, ಬಾಜು ಮನೆಯವರು. ಹರೆಯದಲ್ಲಿ ಅವರಂಥ ದಂಡಪಿಂಡ ಊರಲ್ಲೇ ಇರಲಿಲ್ಲವಂತೆ. ಕೆಲಸಕ್ಕೆ ಕರೀಬೇಡಿ, ಊಟಕ್ಕೆ ಮರೀಬೇಡಿ ಎನ್ನುವ ಪೈಕಿ. ಹೊಲಕ್ಕೆ ಕಳಿಸಿದರೆ ಬದುವಿನ ಮೇಲೆ ಮಲಗುತ್ತಿದ್ದರಂತೆ. ಒಮ್ಮೆ ಯಾರೋ ಕುಡಿಯುವ ನೀರಿನ ಕೆರೆಗೆ ಎತ್ತು ಇಳಿಸಿದ್ದನ್ನು ಕಂಡು ಕೂಗಾಡಿ ಹೊಡೆದಾಟಕ್ಕೇ ಹೋದರು. ಕಟ್ಟೆಯ ಮೇಲಿದ್ದ ಹಿರಿಯರು ನಕ್ಕು, "ಹಂಗಾರ ನೀನ ಕಾಯೋ ತಮ್ಮಾ" ಎಂದರು. ಅವರು ಹೇಳಿದ್ದು ತಮಾಷೆಗೆ. ಕಾಕಾ ಮಾತ್ರ ಮರುದಿನದಿಂದ ಕೆರೆಯ ಮೆಟ್ಟಿಲ ಮೇಲೆ ಹೋಗಿ ಕೂತುಬಿಟ್ಟರು, ಜೀವಮಾನವೆಲ್ಲ.

ನಮ್ಮ ಕಡೆ ಕುಡಿಯುವ ನೀರಿನ ಕೆರೆಗೆ ಚಪ್ಪಲಿ ಹಾಕಿಕೊಂಡು ಯಾರೂ ಇಳಿಯುವಂತಿಲ್ಲ. ಅದನ್ನು ಕಾಕಾ ಎಷ್ಟು ಬಿಗಿಯಾಗಿ ಹಿಡಿದರೆಂದರೆ, ಒಮ್ಮೆ ಊರ ಗೌಡರನ್ನೇ ತಡೆದರು. "ಗೌಡ್ರ, ಚಪ್ಪಲ್ ಹೊರಗ ಬಿಡ್ರಿ. ಈ ನೀರು ಎಲ್ಲಾರ ಹೊಟ್ಟಿಗೂ ಹೋಗೂದೈತಿ." ಗೌಡರು ಬಿಟ್ಟರು. ಆ ಸಂಜೆ ಕಾಕಾ ಓಣಿಯಲ್ಲಿ ಎದೆ ಸೆಟೆಸಿಕೊಂಡು ನಡೆದದ್ದನ್ನು ನೋಡಬೇಕಿತ್ತು! ನಾವು ಹೆಣ್ಣುಮಕ್ಕಳು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು.

ಆಮೇಲೆ ನೀರಿನ ಘಟಕ ಬಂತು. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಮಕ್ಕಳ ಹೊಟ್ಟೆ ಕೆಡುವುದು ನಿಂತಿತು, ಅದು ಒಳ್ಳೆಯದೇ ಆಯಿತು. ಆದರೆ ಕೆರೆಗೆ ಬರುವವರು ಇಲ್ಲವಾದರು. ಕಾಕಾ ಎಂದಿನಂತೆ ಹೋಗಿ ಕೂತು, ಮಧ್ಯಾಹ್ನ ಸುಮ್ಮನೆ ಎದ್ದು ಬರುತ್ತಿದ್ದರು. ಊಟ ಸೇರದಾಯಿತು. ಅವರ ಹೆಂಡತಿ ಕಾಕೂ ಓಣಿಯ ಮನೆಮನೆಗೂ ಬಂದು ಬೇಡಿಕೊಂಡರು: "ದಿನಾ ಒಂದ ಕೊಡಾ ನೀರ ತರ್ರೆವಾ. ಹಿಂಗ ಸುಮ್ನ ಕುಂತ್ರ ಈ ಮನಷ್ಯಾ ಉಳಿಯಾಂಗಿಲ್ಲ."

ಹೋದೆವು. ಸಾಲಾಗಿ ಚಪ್ಪಲಿ ಬಿಟ್ಟು, ಬೈಸಿಕೊಂಡು, ನೀರು ತಂದೆವು. ಕಾಕಾ ಮತ್ತೆ ರೊಟ್ಟಿ ಉಣ್ಣತೊಡಗಿದರು. ಆ ನೀರನ್ನು ನಾವು ಕುಡಿಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅದು ಹಿತ್ತಲಲ್ಲಿ ಎಮ್ಮೆ ನೀರು ಕುಡಿಯುವ ಬಾನಿಗೆ ಹೋಗುತ್ತಿತ್ತು.

ಒಂದು ಮುಂಜಾನೆ ಕಾಕಾ ಏನೋ ಕೇಳಲು ಹಿತ್ತಲಿಗೇ ಬಂದರು. ನಾನು ಕೊಡ ಬಗ್ಗಿಸಿ ಬಾನಿಗೆ ಸುರಿಯುತ್ತಿದ್ದೆ. ಎಮ್ಮೆ ಮೂತಿ ಹಾಕಿತು. ಕಾಕಾ ನೋಡಿದರು. ಕೇಳಲು ಬಂದದ್ದನ್ನು ಕೇಳದೆ ಹೋದರು...

ಮರುದಿನ ಮೆಟ್ಟಿಲ ಬಳಿ ಚಪ್ಪಲಿ ಬಿಡುತ್ತಿದ್ದೆ. ಕಾಕಾ ತಲೆ ಎತ್ತದೆ ಅಂದರು:

"ಹಾಕ್ಕೊಂಡ ಬಾರವಾ. ಎಮ್ಮಿ ಕುಡಿಯೂ ನೀರಿಗೆ ಚಪ್ಪಲ್ ಯಾಕ ಬಿಡಬೇಕು?"

ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ, ನನ್ನ ಕಾಲಿಗೆ ಎಲ್ಲಿ ಮುಳ್ಳು ಚುಚ್ಚೀತೋ ಎನ್ನುವ ದನಿಯಲ್ಲಿ ಅಂದರು. ನಾವೂ ಕುಡಿಯುತ್ತೇವೆ ಕಾಕಾ ಎನ್ನಬೇಕೆಂದಿದ್ದೆ. ಬರಿಗಾಲಲ್ಲೇ ಇಳಿದು ಕೊಡ ತುಂಬಿಕೊಂಡು ಹತ್ತಿ ಬಂದಾಗ ಅವರು ಅಲ್ಲಿರಲಿಲ್ಲ. ಮತ್ತೆ ಕೆರೆ ಕಡೆ ಹೋಗಲೂ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ನವಲಗುಂದದ ಡಾಕ್ಟರು ನೋಡಿ, ಜಡ್ಡು ಏನೂ ಇಲ್ಲ ಎಂದರು. ನಾವೇನು ಮಾಡಬೇಕಿತ್ತು? ಮಕ್ಕಳಿಗೆ ಆ ನೀರು ಕುಡಿಸಲಾದೀತೇ? ಓಣಿಯ ಹೆಂಗಸರೆಲ್ಲ ಅವರ ಬಾಗಿಲಲ್ಲಿ ನಿಂತು, ಒಬ್ಬರ ಮುಖ ಒಬ್ಬರು ನೋಡಿ ತಿರುಗಿ ಬಂದೆವು. ಮುಂಗಾರಿಗೆ ಮೊದಲೇ ಕಾಕಾ ಹೋದರು.

ಈಗ ನನಗೂ ವಯಸ್ಸಾಗಿದೆ. ಮೊಣಕಾಲು ಹಿಡಿದಿವೆ, ಕೊಡ ಎತ್ತಲಾರೆ, ಒಲೆ ಮುಂದೆ ನಿಲ್ಲಲಾರೆ. ಸೊಸೆ ಬಂಗಾರದಂಥವಳು. ದಿನಾ ಮುಂಜಾನೆ ನನ್ನ ಮುಂದೆ ಮೊರದಲ್ಲಿ ತೊಗರಿಬೇಳೆ ಹರವಿ, "ಅತ್ತೀ, ಒಂದೀಟ ಹಳ್ಳ ಆರಿಸಿ ಕೊಡ್ರಿ" ಎನ್ನುತ್ತಾಳೆ. ಅದು ಅಂಗಡಿಯ ಪಾಕೀಟಿನ ಬೇಳೆ. ಅದರಲ್ಲಿ ಕಲ್ಲು, ಹಳ್ಳು ಇರುವುದಿಲ್ಲ. ಅವಳಿಗೂ ಗೊತ್ತು, ನನಗೂ ಗೊತ್ತು.

ಕಾಕಾ ಕೊನೆಗೆ ಆ ಒಂದು ಮಾತನ್ನಾದರೂ ಅಂದು ಎದ್ದು ಹೋದರು. ನನ್ನಿಂದ ಅದೂ ಆಗುತ್ತಿಲ್ಲ. ಎದ್ದು ಹೋಗುವುದಾದರೂ ಎಲ್ಲಿಗೆ? ಕನ್ನಡಕ ಏರಿಸಿಕೊಂಡು ಬೇಳೆಯನ್ನು ಈ ಬದಿಯಿಂದ ಆ ಬದಿಗೆ ಸರಿಸುತ್ತೇನೆ. ಸಾಕಷ್ಟು ಹೊತ್ತಾಯಿತು ಅನ್ನಿಸಿದ ಮೇಲೆ ಮೊರ ಎತ್ತಿ ಕೊಟ್ಟು, "ಇವತ್ತ ಭಾಳ ಇದ್ದವು ನೋಡವಾ" ಅನ್ನುತ್ತೇನೆ.