ಅಪ್ಪ ಕೊಡಿಸಿದ ನೀಲಿ ಹುಲಿ

ಈಗ ಹೇಳಹೊರಟಿರುವುದು ನಿಜಕ್ಕೂ ನಡೆಯಿತೋ ಇಲ್ಲವೋ, ನನಗೇ ಖಾತ್ರಿಯಿಲ್ಲ. ಖಾತ್ರಿ ಇರಲಿಲ್ಲ ಅನ್ನಬೇಕು, ಮೊನ್ನೆಯವರೆಗೆ.

ನಾನಾಗ ಎರಡನೇ ಕ್ಲಾಸೋ ಮೂರನೇ ಕ್ಲಾಸೋ. ಆಸ್ಪರಿಯಿಂದ ಹತ್ತಿ ಮಾರಲು, ನಾನೀಗ ಇರುವ ಈ ಆದೋನಿಗೆ ಹೊರಟ ಅಪ್ಪ ನನ್ನನ್ನೂ ಕರೆದುಕೊಂಡು ಬಂದಿದ್ದ. ಬಸ್ ಸ್ಟ್ಯಾಂಡಿನ ಎದುರು ಒಂದು ತಗಡಿನ ಪುಸ್ತಕದಂಗಡಿ. ಹಗ್ಗಕ್ಕೆ ಬಟ್ಟೆ ಕ್ಲಿಪ್ಪು ಹಾಕಿ ತೂಗುಬಿಟ್ಟ ಕಾಮಿಕ್ಸುಗಳು. ಅಪ್ಪ ಅದರಲ್ಲೊಂದನ್ನು ಕೊಡಿಸಿದ. ತೆಲುಗು ಕಾಮಿಕ್ಸು. ಮುಖಪುಟದಲ್ಲಿ ಜಿಗಿಯುತ್ತಿರುವ ಹುಲಿ. ಹುಲಿಯ ಬಣ್ಣ ನೀಲಿ.

ಇಷ್ಟು, ಮತ್ತೆ ಒಳಗಿನ ಕಥೆ ಒಂದಿಷ್ಟು, ಅಷ್ಟೇ ನೆನಪು. ಆ ಪುಸ್ತಕ ಯಾವ ಅಂಗಡಿಯ ಶೇಂಗಾ ಪೊಟ್ಟಣವಾಯಿತೋ ಗೊತ್ತಿಲ್ಲ. ಅಪ್ಪ ಹೋಗಿಯೂ ಬಹಳ ವರ್ಷಗಳಾದವು. (ಹಳೇ ಕಾಮಿಕ್ಸ್ ಕೂಡಿಡುವ ನನ್ನ ಹುಚ್ಚು ಈ ಅಂಕಣದ ಓದುಗರಿಗೆ ಹೊಸದಲ್ಲ. ಆ ಹುಚ್ಚಿನ ಮೂಲ ಈ ಹುಲಿಯೇ.)

ಆದರೆ ಆಸ್ಪರಿಯಲ್ಲಿರುವ ನಮ್ಮಕ್ಕ ನಾಗವೇಣಿ ಒಪ್ಪಬೇಕಲ್ಲ?

"ಅಪ್ಪ? ನಿನಗ? ಚಿತ್ರದ ಪುಸ್ತಕ?" ಪ್ರತಿ ಹಬ್ಬಕ್ಕೂ ಇದೇ ನಗು. "ಬಾಳೆಹಣ್ಣ ತರೋದಾದ್ರೂ ಮೆತ್ತಗಾದ್ದ ಹುಡುಕಿ ತರ್ತಿದ್ದ. ಕಡ್ಡಿ ಮುರಿದ ಛತ್ರಿ, ಕಲೆ ಬಿದ್ದ ಬಟ್ಟಿ. ನನ್ನ ಮದುವಿ ಸೀರಿಯೊಳಗ ನೇಯ್ಗಿ ತಪ್ಪಿದ್ದು ಐತಿ, ಬಾ, ಈಗೂ ತೋರಿಸ್ತೀನಿ. ಅಂಥಾ ಮನಿಷ್ಯಾ ಕಾಮಿಕ್ಸ್ ಕೊಡಿಸ್ತಾನ? ಕನಸ ಬಿದ್ದಿರಬೇಕು ತಮ್ಮಾ ನಿನಗ."

ನನ್ನ ಕಷ್ಟ ನೋಡಿ. ಯೂನಿವರ್ಸಿಟಿಯಲ್ಲಿ ಮನಶ್ಶಾಸ್ತ್ರ ಓದಿದವನು ನಾನು. ನೆನಪೆಂದರೆ ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ, ತೆಗೆದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳುವ ಕಥೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು. ಯಾರಾದರೂ ದೆವ್ವ ಕಂಡೆ ಎಂದರೆ "ಕಣ್ಣಾರೆ ನೋಡಿದ್ಯಾ?" ಎಂದು ಜೀವ ತಿನ್ನುವವನು. ಅದೇ ಪ್ರಶ್ನೆ ನನ್ನ ಕಡೆ ತಿರುಗಿದರೆ? ಓದಿಗಲ್ಲದೆ, ಬರೀ ಖುಷಿಗೆಂದು ಅಪ್ಪ ನನಗೆ ಕೊಡಿಸಿದ್ದು ಅದೊಂದೇ. ಅದನ್ನೂ ನಾನೇ ಕಟ್ಟಿಕೊಂಡಿದ್ದರೆ?

ಎರಡು ವರ್ಷದ ಹಿಂದೆ ಆ ಸಂಚಿಕೆ ಸಿಕ್ಕೇಬಿಟ್ಟಿತು. ಒಳಗಿನ ಕಥೆ ಅದೇ. ಜಿಗಿತ ಅದೇ. ಹುಲಿ ಮಾತ್ರ ಕಿತ್ತಳೆ. ಇಂಟರ್ನೆಟ್ಟಿನಲ್ಲಿ ತಡಕಾಡಿದೆ. ಕಂಡ ಪ್ರತಿಗಳಲ್ಲೆಲ್ಲ ಕಿತ್ತಳೆ ಹುಲಿಯೇ.

ಅಕ್ಕನಿಗೆ ಫೋನು ಮಾಡಿ ಹೇಳಿದ್ದು ದಡ್ಡತನ.

"ಹುಲೀನ ಸುಳ್ಳಾದ ಮ್ಯಾಲ ಅಪ್ಪಾನೂ ಸುಳ್ಳ ಬಿಡು," ಎಂದಳು.

ಅವಳ ತರ್ಕದಲ್ಲಿ ತಪ್ಪು ಸಿಗಲಿಲ್ಲ.

ನಮ್ಮ ಕಾಮಿಕ್ಸ್ ವಾಟ್ಸಾಪ್ ಗುಂಪಿನಲ್ಲಿ ಮದ್ದಿಲೇಟಿ ಎಂಬ ಗೆಳೆಯನಿದ್ದಾನೆ. ಗೋನೆಗಂಡ್ಲದಲ್ಲಿ ಗೊಬ್ಬರದ ಅಂಗಡಿ. ಗ್ರೇಡಿಂಗಿನಲ್ಲಿ ಮಹಾ ನಿಷ್ಠುರ. ಗ್ರೇಡಿಂಗ್ ಎಂದರೆ ಹಳೇ ಕಾಮಿಕ್ಸಿಗೆ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಹಾಕುವುದು. ಬೆನ್ನು ಮುರಿದಿದೆಯಾ? ಪಿನ್ನು ತುಕ್ಕು ಹಿಡಿದಿದೆಯಾ? ಮೂಲೆ ಮಡಚಿದೆಯಾ? ಒಂದೊಂದು ದೋಷಕ್ಕೂ ಮಾರ್ಕ್ಸ್ ಕಟ್. (ಸಂಬಂಧ ನೋಡಲು ಬಂದ ಬೀಗರೂ ಇಷ್ಟು ಕೊಂಕು ತೆಗೆಯುವುದಿಲ್ಲ.)

ಈ ತಿಂಗಳು ಅವನೊಂದು ಫೋಟೋ ಹಾಕಿದ. "ಗ್ರೇಡ್ ಎರಡು. ಬಿಸಿಲಿಗೆ ಬಣ್ಣ ಹೋಗೈತಿ. ಯಾರಿಗಾರ ಬೇಕೇನ್ರಿ?"

ಯಾರಿಗೂ ಬೇಡವಾಗಿತ್ತು. ಫೋಟೋದಲ್ಲಿ ಹುಲಿ ನೀಲಿಯಾಗಿತ್ತು!

ಬೈಕ್ ಹತ್ತಿದೆ. ಗೋನೆಗಂಡ್ಲದಲ್ಲಿ ಮದ್ದಿಲೇಟಿಗೆ ಆಶ್ಚರ್ಯ. "ಇದಕ್ಕ ಇಷ್ಟು ದೂರ ಬಂದ್ಯಾ ಅಣ್ಣಾ? ಇದು ಡೆಡ್ ಪೀಸು. ಏಳರ ಗ್ರೇಡಿಂದು ಒಂದೈತಿ, ತೋರಿಸ್ಲೇನು?"

"ಏಳು ನೀನ ಇಟ್ಕೋ. ನನಗ ಎರಡ ಬೇಕು."

"ಎಂಡಕು ತಲಕಾಯ ತಿರಿಗಿಂದಾ ಅನ್ನಾ?" ಎಂದು ತೆಲುಗಿಗೆ ಜಾರಿದ. ಬಿಸಿಲಿಗೆ ನನ್ನ ತಲೆ ತಿರುಗಿದೆಯೆಂದು ಅವನ ಗುಮಾನಿ. ತಿರುಗಿದ್ದು ತಲೆಯಲ್ಲ, ಹುಲಿಯ ಬಣ್ಣ ಎಂಬುದೇ ಅಲ್ಲವೇ ನನ್ನ ಸಂತೋಷ!

ಭೂತಗನ್ನಡಿ ಹಿಡಿದು ನೋಡಿದೆ. ಮೇಲಿನ ಅಂಚಿಗೆ ತಾಗಿದ ಹುಲಿಯ ಕಿವಿಯಲ್ಲಿ ಉಗುರಿನಷ್ಟು ಒಂದು ಚೌಕ. ಅಲ್ಲಿ ಮಾತ್ರ ಕಿತ್ತಳೆ. ಬಟ್ಟೆ ಕ್ಲಿಪ್ಪು ಕಚ್ಚಿದ ಜಾಗ! ಕ್ಲಿಪ್ಪಿನ ಅಡಿಯಲ್ಲಿ ಬಣ್ಣ ಉಳಿದಿತ್ತು. ಮಿಕ್ಕ ಹುಲಿಯನ್ನು ಬಿಸಿಲು ತಿಂದಿತ್ತು.

ಸಲೂನಿನ ಗೋಡೆಯ ಹಳೇ ಪೋಸ್ಟರುಗಳನ್ನು ನೀವೂ ನೋಡಿಲ್ಲವೇ? ಬಿಸಿಲು ಮೊದಲು ಕೆಂಪು, ಹಳದಿಗಳನ್ನು ಕುಡಿಯುತ್ತದೆ. ಉಳಿಯುವುದು ನೀಲಿ. ನೀಲಿ ಕೆನ್ನೆಯ ಹೀರೋ, ನೀಲಿ ತುಟಿಯ ಹೀರೋಯಿನ್ನು. ನಾನು ಕಂಡದ್ದೂ ಅಂಥದೇ ಹುಲಿ. ಕೆಟ್ಟಿದ್ದು ಮುಖಪುಟ, ನೆನಪಲ್ಲ.

ಮನೆಗೆ ಬಂದು ಕಿತ್ತಳೆ ಹುಲಿಯನ್ನೂ ಚೀಲಕ್ಕೆ ಹಾಕಿಕೊಂಡು ನೇರ ಆಸ್ಪರಿಗೆ ಹೋದೆ. ಅಕ್ಕ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಎರಡು ಹುಲಿಗಳನ್ನು ಪಕ್ಕಪಕ್ಕ ಇಟ್ಟೆ. ಕ್ಲಿಪ್ಪು, ಬಿಸಿಲು, ಸಲೂನು ಎಲ್ಲ ವಿವರಿಸಿದೆ. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಹುಲಿ ನೀಲಿ ಐತಿ. ಒಪ್ಪಿದೆ. ಅಪ್ಪ ಕೊಡಿಸಿದ್ದು ಅಂತ ಇದರಾಗ ಎಲ್ಲಿ ಐತೋ?"

(ಯೂನಿವರ್ಸಿಟಿಗೆ ಹೋಗಬೇಕಾಗಿದ್ದವಳು ಇವಳು.)

ಪುಸ್ತಕವನ್ನು ಚೀಲಕ್ಕೆ ಹಾಕಲು ಕೈಚಾಚಿದೆ. ಅಕ್ಕ ಬಿಡಲಿಲ್ಲ. ಇನ್ನೊಮ್ಮೆ ತಿರುಗಿಸಿ ನೋಡಿದಳು.

"ಇಷ್ಟು ಬಣ್ಣ ಹೋದ್ದನ್ನ ಅಂಗಡಿಯವ ಪೂರಾ ರೇಟಿಗೆ ಮಾರ್ತಾನೇನೋ?"

"ಯಾರ್ ತಗೋತಾರಕ್ಕಾ? ಕಡಿಮಿಗಿ ಕೊಟ್ಟಿರ್ತಾನ."

ಅವಳ ಕೈಯ ಶೇಂಗಾ ಮೊರಕ್ಕೆ ಬಿತ್ತು.

"ಹಂಗಾರ ಅಪ್ಪಾನ ಕೊಡಿಸಿದ್ದು ಬಿಡೋ! ಹೊಸಾವೆಲ್ಲಾ ಬಿಟ್ಟು ಕೆಟ್ಟದ್ದ ಹುಡುಕಿ ತರಾಕ ಈ ಸೀಮ್ಯಾಗ ಇನ್ಯಾರ ಅದಾರ?" ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನಗ ನೇಯ್ಗಿ ತಪ್ಪಿದ ಸೀರಿ. ನಿನಗ ಬಣ್ಣ ಹೋದ ಹುಲಿ. ಸಮ ಆತು ನೋಡು."

ಗೆದ್ದೆ! ಇಷ್ಟು ವರ್ಷ ನನ್ನನ್ನು ಕನಸುಗಾರ ಮಾಡಿದ್ದವಳೇ ಸಾಕ್ಷಿ ಹೇಳಿದ್ದಳು. ವಾಪಸು ಬರುವಾಗ ಬೈಕಿನ ಮೇಲೆ ಜೋರಾಗಿ ಹಾಡಿಕೊಂಡೆ. (ಎದುರಿಗೆ ಸಿಕ್ಕ ಕುರಿಮಂದೆಯೊಂದು ತಾನಾಗಿಯೇ ದಾರಿ ಬಿಟ್ಟಿತು.)

ಯೋಚಿಸಿ. ಹತ್ತಕ್ಕೆ ಹತ್ತು ಬಂದ ಪ್ರತಿಯ ಕಥೆ ಏನು? ಅದನ್ನು ಯಾರೂ ಹಗ್ಗಕ್ಕೆ ತೂಗುಹಾಕಿಲ್ಲ. ಯಾವ ಅಪ್ಪನೂ ಚೌಕಾಶಿ ಮಾಡಿಲ್ಲ. ಯಾವ ಮಗನೂ ಎಂಜಲು ಬೆರಳಿನಿಂದ ಹಾಳೆ ತಿರುಗಿಸಿಲ್ಲ. ಸೊಟ್ಟಾದ ಚೊಂಬನ್ನೇ ನಾವು ಮೊದಲು ಗುಜರಿಗೆ ಹಾಕುತ್ತೇವೆ. ಅದು ಯಾರ ಕೈಜಾರಿ ಸೊಟ್ಟಾಯಿತೆಂದು ಒಮ್ಮೆಯಾದರೂ ಕೇಳಿದ್ದೇವಾ? ನನ್ನ ಕಪಾಟಿನಲ್ಲಿ ಈಗ ಎರಡರ ಗ್ರೇಡಿನ ಹುಲಿಗೇ ಮೊದಲ ಜಾಗ. ಬಿಸಿಲು ತಾಗದ ಕಡೆ.

ಆದರೂ ಸಂಶಯದ ಹುಳ ಸಾಯಬೇಕಲ್ಲ? ಆ ತಗಡಿನಂಗಡಿ ನೆರಳಿನಲ್ಲಿದ್ದಿದ್ದರೆ? ಉತ್ತರಕ್ಕೆ ಮುಖ ಮಾಡಿದ್ದರೆ? ಬಿಸಿಲೇ ಬೀಳದ ಕಡೆ ಹುಲಿ ನೀಲಿಯಾಗುವುದು ಹೇಗೆ?

ನಿನ್ನೆ ಸಂಜೆ ಬಸ್ ಸ್ಟ್ಯಾಂಡಿಗೆ ಹೋದೆ. ಅಲ್ಲೀಗ ಮೊಬೈಲ್ ಕವರುಗಳು ತೂಗಾಡುತ್ತಿವೆ.

"ಇಲ್ಲಿ ಮೊದಲು ಪುಸ್ತಕದಂಗಡಿ ಇತ್ತೇನಪ್ಪಾ?"

"ಹೌದ್ರಿ, ನಮ್ ತಾತಂದು. ಇದ ಜಾಗ," ಎಂದ ಅಂಗಡಿಯವನು, ಕಣ್ಣಿಗೆ ಕೈ ಅಡ್ಡ ಹಿಡಿದು.

ಅಂಗಡಿಯ ಮುಖ ಪಡುವಣಕ್ಕಿದೆ.