ಕರೂರಿನ ಕಣದ ಎದುರು ಮನೆ

ಬಳ್ಳಾರಿಯಲ್ಲಿ ನಮ್ಮ ಬಾಡಿಗೆ ಮನೆ ಇದ್ದದ್ದು ಬೈಪಾಸಿಗೆ ಅಂಟಿಕೊಂಡ ಬಡಾವಣೆಯಲ್ಲಿ. ಗಣಿಯ ಭರಾಟೆ ಏರಿದ ಮೇಲೆ ಅದಿರಿನ ಲಾರಿಗಳು ಹಗಲು ರಾತ್ರಿ ಎನ್ನದೆ ಓಡತೊಡಗಿದವು. ಹಗ್ಗಕ್ಕೆ ಹಾಕಿದ ಬಟ್ಟೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ನಾನು ಪತ್ರಿಕೆಯೊಂದರ ವರದಿಗಾರ. ಆ ಧೂಳಿನ ಬಗ್ಗೆ ಹಲವು ಸಲ ಬರೆದೆ. ಅದರಿಂದ ನನ್ನ ಹೆಂಡತಿಯ ಉಬ್ಬಸವೇನೂ ಇಳಿಯಲಿಲ್ಲ. ಒಂದು ಮಾತು ಮುಗಿಸಲು ಅವಳು ಎರಡು ಸಲ ನಿಲ್ಲಬೇಕಾಗುತ್ತಿತ್ತು.

ಪಕ್ಕದ ಮನೆಯವರು ಆಗಷ್ಟೇ ಲಾರಿ ಕೊಂಡಿದ್ದರು. ಇವಳು ಕೆಮ್ಮುತ್ತ ಅಂಗಳಕ್ಕೆ ನೀರು ಹಾಕುವುದನ್ನು ನೋಡಿ ಆ ಯಜಮಾನ, “ಅದನ್ನ ಧೂಳು ಅನಬ್ಯಾಡ್ರಿ ಅಕ್ಕಾರ, ಲಕ್ಷ್ಮಿ ಅದು” ಎಂದು ನಕ್ಕರು.

“ಹಂಗಾದ್ರ ನಿಮ್ಮ ಮನ್ಯಾಗ ಇಟಗೊಳ್ರಿ. ನಮ್ಮ ಕಡೆ ಯಾಕ ಕಳಸ್ತೀರಿ?” ಎಂದಳು ಇವಳು. ಅಷ್ಟು ಹೇಳಿ ಗೋಡೆ ಹಿಡಿದು ಕುಳಿತಳು.

ಊರು ಬಿಡದಿದ್ದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಸಿರುಗುಪ್ಪ ತಾಲ್ಲೂಕಿನ ಸುದ್ದಿ ನೋಡಿಕೊಳ್ಳುವ ಕೆಲಸವನ್ನು ಕೇಳಿ ಪಡೆದೆ. ಬೇಸಿಗೆ ಕೊನೆಯಲ್ಲಿ, ಕಾಲುವೆಗೆ ನೀರು ಬಿಡುವುದು ನಿಂತಿದ್ದಾಗ, ಅದೇ ತಾಲ್ಲೂಕಿನ ಕರೂರಿನಲ್ಲಿ ಮನೆ ನೋಡಿದೆವು. ಮನೆಯೊಡತಿ ವಯಸ್ಸಾದ ಹೆಂಗಸು. ಕುಡಿಯುವ ನೀರು, ಕರೆಂಟು, ಸಿರುಗುಪ್ಪದ ಬಸ್ಸು ಎಲ್ಲವನ್ನೂ ವಿಚಾರಿಸಿದೆ. ಮನೆ ಎದುರಿಗೆ ವಿಶಾಲವಾದ ಬಯಲು. ಬಡಿದು ಗಟ್ಟಿ ಮಾಡಿದಂಥ ನೆಲ, ಒಂದು ಮುಳ್ಳೂ ಇಲ್ಲ. ಸಂಜೆ ಅಲ್ಲಿ ಮಂಚ ಹಾಕಿಕೊಳ್ಳಬಹುದು ಎಂದು ಇವಳು ಹಿಗ್ಗಿದಳು. ಗೇಣು ಭೂಮಿಯನ್ನೂ ಬಿಡದೆ ಭತ್ತ ನೆಡುವ ಊರಿನಲ್ಲಿ ಅಷ್ಟು ಜಾಗ ಯಾಕೆ ಖಾಲಿ ಬಿಟ್ಟಿದ್ದಾರೆಂದು ನಾವಿಬ್ಬರೂ ಕೇಳಲಿಲ್ಲ. ಬಳ್ಳಾರಿಯಲ್ಲಿ ಖಾಲಿ ಜಾಗ ಎಂದರೆ ಇನ್ನೂ ಮಾರಾಟವಾಗದ ಸೈಟು. ನಮ್ಮ ಕಣ್ಣಿಗೆ ಇದೂ ಹಾಗೇ ಕಂಡಿತು.

ಮಳೆಗಾಲವಿಡೀ ಅವಳು ಚೆನ್ನಾಗಿದ್ದಳು. ಕಾಲುವೆಗೆ ನೀರು ಬಂತು, ನಾಟಿ ಮುಗಿದು ಸುತ್ತಲೂ ಹಸಿರಾಯಿತು. ದಂಡೆಯ ಮೇಲೆ ನನಗಿಂತ ಮುಂದೆ ನಡೆಯುತ್ತ, ತಿರುಗಿ ನಿಂತು ನನ್ನನ್ನು ಗೇಲಿ ಮಾಡುತ್ತಿದ್ದಳು. ನಾನು ಅವಳ ಉಸಿರಿಗೆ ಕಿವಿಗೊಡುವುದನ್ನೇ ಬಿಟ್ಟಿದ್ದೆ.

ಗದ್ದೆ ಹಳದಿಯಾದಾಗ ನಾಲ್ಕೈದು ಹೆಂಗಸರು ಬಂದು ಬಯಲನ್ನು ಸೆಗಣಿಯಿಂದ ಸಾರಿಸಿದರು. ಹಬ್ಬವೇನೋ ಎಂದುಕೊಂಡ ಇವಳು ಅವರಿಗೆ ಚಹಾ ಕೊಟ್ಟು, ಯಾವ ಹಬ್ಬ ಎಂದು ಕೇಳಿದಳು. ಅವರು ಮುಖ ಮುಖ ನೋಡಿಕೊಂಡು ನಕ್ಕರು.

“ಕಣ ಅಲ್ಲೇನವ್ವ ಇದು? ಅರ್ಧ ಊರಿನ ಭತ್ತ ಇಲ್ಲೇ ರಾಶಿ ಆಗತೈತಿ” ಎಂದರು ಅವರ ಜೊತೆಗಿದ್ದ ಮನೆಯೊಡತಿ. ನನ್ನ ಹೆಂಡತಿಯೂ ಅವರೊಂದಿಗೆ ನಕ್ಕಳು. ಒಳಗೆ ಬಂದ ಮೇಲೆ ನಗಲಿಲ್ಲ.

ಭತ್ತ ಒಕ್ಕುವ ರಾಶಿ ಮಷಿನ್ ಬಂತು. ಹೊಟ್ಟು ಮಂಜಿನಂತೆ ಎದ್ದು ನೇರ ನಮ್ಮ ಬಾಗಿಲಿಗೆ ಬಡಿಯಿತು. ಸಂದುಗಳಿಗೆಲ್ಲ ಒದ್ದೆ ಸೀರೆ ತುರುಕಿದೆವು. ಬೇರೆ ಕಡೆ ರಾಶಿ ಮಾಡಿಸಲು ಆಗುವುದೇ ಎಂದು ಮನೆಯೊಡತಿಯನ್ನು ಕೇಳಿದೆ. ಅವರು ಸೆರಗಿನ ಮೇಲಿನ ಹೊಟ್ಟು ಕೊಡವಿಕೊಂಡರು.

“ನಮ್ಮ ಅತ್ತಿ ಕಾಲದಿಂದ ಕಣ ಐತ್ರಿ ಸರ. ಮನಿ ಆಮ್ಯಾಲ ಕಟ್ಟೀವಿ. ಯಾರಿಗೆ ಬ್ಯಾಡ ಅನ್ಲಿ?”

ಒಂದು ಬೆಳಿಗ್ಗೆ ಅವಳ ತುಟಿ ನೀಲಿಗಟ್ಟಿತು. ನಾನು ಹೊರಗೆ ಓಡಿ ಕೂಗಿದೆ. ಕಣದಲ್ಲಿದ್ದವರು ಟ್ರಾಕ್ಟರಿಗೆ ಏರಿಸಿದ್ದ ಚೀಲಗಳನ್ನು ದಬದಬ ಕೆಳಗೆ ತಳ್ಳಿ ಅವಳನ್ನು ಮಲಗಿಸಿಕೊಂಡರು. ಸಿರುಗುಪ್ಪ ಆಸ್ಪತ್ರೆ ಮುಟ್ಟುವವರೆಗೆ ಅವಳು ನನ್ನ ಅಂಗಿಯ ತೋಳು ಬಿಡಲಿಲ್ಲ.

ಅವಳು ಬದುಕಿದಳು. ಕರೂರಿಗೆ ಮತ್ತೆ ಕರೆದೊಯ್ಯಬೇಡಿ ಎಂದರು ಡಾಕ್ಟರು. ಬಳ್ಳಾರಿಯ ಮನೆಗೆ ಬೇರೆಯವರು ಬಂದಾಗಿತ್ತು. ಬಾರದಿದ್ದರೂ ಅಲ್ಲಿಗೆ ಹೋಗುವಂತಿರಲಿಲ್ಲ. ಕುರುಗೋಡಿನಿಂದ ಅವಳ ಅಕ್ಕ ಬಂದು, ತಮ್ಮ ಮನೆಯಲ್ಲಿ ಒಂದು ಕೋಣೆ ಬಿಟ್ಟುಕೊಡುವುದಾಗಿ ಹೇಳಿದರು. ಆ ದಾರಿಗೂ ಅದಿರಿನ ಲಾರಿಗಳು ಬಂದಿದ್ದವು. ಅದು ಮೂವರಿಗೂ ಗೊತ್ತಿತ್ತು. ಯಾರೂ ಆ ಮಾತು ಎತ್ತಲಿಲ್ಲ.

ಸಾಮಾನು ತರಲು ನಾನೊಬ್ಬನೇ ಕರೂರಿಗೆ ಹೋದೆ. ನನ್ನನ್ನು ಕಂಡು ಕಣದವರು ಮಷಿನ್ ನಿಲ್ಲಿಸಿದರು. ಹೇಗಿದ್ದಾರೆಂದು ಕೇಳಿದರು, ಹೇಳಿದೆ. ಆದರೂ ಯಾರೂ ಕೆಲಸಕ್ಕೆ ಕೈ ಹಾಕಲಿಲ್ಲ. ಮೂಡಣದಲ್ಲಿ ಮೋಡ ಕಟ್ಟಿತ್ತು. ಒಕ್ಕದ ಭತ್ತ ಬಯಲಲ್ಲಿ ಬಿದ್ದಿತ್ತು, ನೆನೆದರೆ ಮೊಳಕೆ ಒಡೆಯುತ್ತದೆ. ಅವರು ನನ್ನ ಮುಖ ನೋಡುತ್ತ ನಿಂತೇ ಇದ್ದರು.

“ನಡಸ್ರಿ. ಆಕಿ ಇಲ್ಲಿಗೆ ಬರಂಗಿಲ್ಲ” ಎಂದೆ.

ಪಾತ್ರೆ ಜೋಡಿಸಲು ಮನೆಯೊಡತಿ ಒಳಗೆ ಬಂದರು. ಎಲ್ಲಿಗೆ ಎಂದು ಕೇಳಿದರು. ಸದ್ಯಕ್ಕೆ ಕುರುಗೋಡು ಎಂದೆ.

“ಆಮ್ಯಾಲ?”

ಅಷ್ಟರಲ್ಲಿ ಮಷಿನ್ ಶುರುವಾಯಿತು. ಅವರು ಇನ್ನೊಮ್ಮೆ ಕೇಳಿದರು. ತುಟಿ ಅಲುಗಿದ್ದು ಕಂಡಿತು. ಸದ್ದಿಗೆ ಕೇಳಿಸಲಿಲ್ಲ ಎಂಬಂತೆ ತಲೆ ತಗ್ಗಿಸಿ ನಾನು ಗಂಟು ಬಿಗಿಯುತ್ತ ಕುಳಿತೆ.