ಮೂರು ಅಡಿ ನೀರು

ಮೊನ್ನೆ ಪೆನ್ಶನ್ ಕಾಗದ ಹುಡುಕಲು ಟ್ರಂಕು ತೆಗೆದಾಗ ಹಳೆಯ ಮಸಿಯ ವಾಸನೆ ಮೂಗಿಗೆ ಬಡಿಯಿತು. ಬಾಟಲಿ ಒಡೆದು ಒಳಗಿನ ಟವೆಲ್ಲಿಗೆಲ್ಲ ಮೆತ್ತಿಕೊಂಡಿತ್ತು. ಹೆಂಡತಿ ಟವೆಲ್ಲಿಗಾಗಿ ಮರುಗಿದಳು. ನನಗೆ ನೆನಪಾದದ್ದು ಶಹಾಪುರದ ಆಚೆ, ಕಾಲುವೆ ದಂಡೆಯಲ್ಲಿ ನಾನು ಗುಮಾಸ್ತನಾಗಿದ್ದ ಸಣ್ಣ ಕಚೇರಿ.

ನನ್ನ ಅಕ್ಷರದ ಬಗ್ಗೆ ನಿಮಗೆ ಹೇಳಲೇಬೇಕು. ಮುತ್ತು ಪೋಣಿಸಿದ ಹಾಗೆ ಎಂದು ಸಾಹೇಬರೇ ಹೊಗಳುತ್ತಿದ್ದರು. ಆ ಮುತ್ತುಗಳಲ್ಲಿ ನಾನು ದಿನವೂ ಕಾಲುವೆಯ ನೀರಿನ ಮಟ್ಟ ಬರೆಯಬೇಕಿತ್ತು. ಕಾಲುವೆ ನೋಡಿ ಬರೆಯುತ್ತಿದ್ದೆ ಎಂದುಕೊಂಡಿರಾ? ಆ ಬಿಸಿಲಲ್ಲಿ ಯಾರು ಹೋಗಬೇಕು! ನಾರಾಯಣಪುರದ ಅಣೆಕಟ್ಟಿನಿಂದ ನೀರು ಬಿಡುವ ಪಟ್ಟಿ ಬರುತ್ತಿತ್ತು. ಪಟ್ಟಿಯಲ್ಲಿ ನೀರಿದ್ದರೆ ಕಾಲುವೆಯಲ್ಲೂ ಇದ್ದ ಹಾಗೆಯೇ. ಸೋಮವಾರವೇ ಕೂತು ಶನಿವಾರದ ತನಕದ ನೀರು ಬರೆದಿಟ್ಟು ನಿಶ್ಚಿಂತೆಯಿಂದ ಚಹಾ ಕುಡಿಯುತ್ತಿದ್ದೆ. ಕಾಲುವೆಯ ಕೊನೆ ಭಾಗದ ಹಳ್ಳಿಯವರು ಬಂದು ಒಂದು ಹನಿಯೂ ಮುಟ್ಟಿಲ್ಲ ಎಂದು ಜಗಳ ತೆಗೆದರೆ ರಜಿಸ್ಟರು ತೆರೆದು ತೋರಿಸುತ್ತಿದ್ದೆವು. ಕೆಲವರು ಅಕ್ಷರ ಚೆಂದ ಇದೆ ಎಂದು ಹೇಳಿ ಹೋಗುತ್ತಿದ್ದರು.

ಅಂಥ ಒಂದು ಹಳ್ಳಿಯ ನಿಂಗಪ್ಪನನ್ನು, ತೂಬಿನ ಬೀಗ ಒಡೆದನೆಂದು ಪೊಲೀಸರು ಹಿಡಿದೊಯ್ದರು. ಮರುದಿನ ಹೆಣ ಬಂತು. ತಪ್ಪಿಸಿಕೊಂಡು ಓಡುವಾಗ ಕಾಲುವೆಗೆ ಬಿದ್ದು ಮುಳುಗಿ ಸತ್ತ ಎಂದರು. ಮಗನ ಮೈ ತೊಳೆದ ದ್ಯಾವಮ್ಮ ಬೆನ್ನ ಮೇಲಿನ ಬಾಸುಂಡೆಗಳನ್ನು ನೋಡಿದ್ದಳು. ಅವನನ್ನು ಹೇಗೆ ಕೊಂದರೆಂದು ಹೇಳಿ, ಇಷ್ಟೇ ಅವಳು ಕೇಳಿದ್ದು.

ಊರು ಎದ್ದು ನಿಂತಿತು, ನೋಡಿ. ಅಂಗಡಿಗಳು ಮುಚ್ಚಿದವು, ಬಯಲಲ್ಲಿ ಪೆಂಡಾಲು ಎದ್ದಿತು. ದರ್ಜಿ ಮಹಬೂಬ್ ಸಾಬರು ತಮ್ಮ ಅಂಗಡಿಯ ಬಟ್ಟೆಯಲ್ಲೇ ಬ್ಯಾನರು ಹೊಲಿದುಕೊಟ್ಟರು. ದೋರನಹಳ್ಳಿ ಕಡೆಯವರು ಟ್ರ್ಯಾಕ್ಟರಿನಲ್ಲಿ ರೊಟ್ಟಿ, ಪುಂಡಿಪಲ್ಯ ತಂದರು. ಮನವಿ ಬರೆಯಲು ಮುತ್ತಿನ ಅಕ್ಷರದವನು ಇದ್ದೇ ಇದ್ದೆನಲ್ಲ. ಸರ್ಕಾರಿ ನೌಕರನಾದ್ದರಿಂದ ಪೆಂಡಾಲಿನ ಹಿಂದೆ ಕೂತು ಐದು ಪ್ರತಿ ಬರೆದೆ. ‘ಸತ್ಯ ಹೊರಬರಲೇಬೇಕು’ ಎಂಬಲ್ಲಿ ಕೆಂಪು ಗೆರೆ ಎಳೆದೆ. ಓದಿ ನನಗೇ ಕಣ್ಣೀರು ಬಂತು. ಜನ ಬಂದು ಕೈ ಕುಲುಕಿದರು, ನಾನು ವಾರವಿಡೀ ಎದೆ ಉಬ್ಬಿಸಿಕೊಂಡು ತಿರುಗಿದೆ.

ಆಮೇಲೆ ವಿಚಾರಣೆಗೆ ಅಧಿಕಾರಿ ಬಂದರು. ಅವತ್ತು ಕಾಲುವೆ ಒಣಗಿತ್ತು, ಮುಳುಗುವುದೆಲ್ಲಿಂದ ಬಂತು ಎಂದು ಹಳ್ಳಿಯವರೆಲ್ಲ ಒಂದೇ ದನಿಯಲ್ಲಿ ಹೇಳಿದರು. ಅಧಿಕಾರಿ ನಮ್ಮ ರಜಿಸ್ಟರು ತರಿಸಿದರು. ಆ ದಿನದ ಮುಂದೆ ಮೂರು ಅಡಿ ನೀರಿತ್ತು. ನಾನು ಸೋಮವಾರವೇ ಬಿಟ್ಟಿದ್ದ ನೀರು.

ಹೊರಗೆ ದ್ಯಾವಮ್ಮ ನನ್ನನ್ನು ತಡೆದು ನಿಲ್ಲಿಸಿದಳು.

“ಅವತ್ತ ನೀವು ಕಾಲುವಿ ಕಣ್ಣಲೆ ನೋಡಿದ್ರೇನ್ರಿ?”

“ರಜಿಸ್ಟರದಾಗ ನೀರು ಅದ ನೋಡು, ಯವ್ವಾ,” ಎಂದೆ.

ಅಧಿಕಾರಿ ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳದೆ ಹೇಳುವುದು ಶಿಸ್ತಲ್ಲ ಎಂದು ಸಮಾಧಾನ ಮಾಡಿಕೊಂಡೆ. ನೌಕರಿ ಹೋದೀತೆಂಬ ಹೆದರಿಕೆ ಅದು, ಬೇರೇನೂ ಅಲ್ಲ. ಮುಳುಗಿ ಸಾವು ಎಂದು ವರದಿಯಾಯಿತು, ಪೆಂಡಾಲು ಬಿಚ್ಚಿದರು. ಜನರ ಬೆಂಬಲದಲ್ಲಿ ಸುಳ್ಳಿರಲಿಲ್ಲ. ರೊಟ್ಟಿ ಕೊಟ್ಟರು, ಬಟ್ಟೆ ಕೊಟ್ಟರು, ಬಿಸಿಲಲ್ಲಿ ಕೂತರು. ಬೇಕಾಗಿದ್ದ ಒಂದೇ ಒಂದು ಸಾಲು ನನ್ನ ಹತ್ತಿರ ಇತ್ತು, ನಾನು ಕೊಟ್ಟದ್ದು ಕೆಂಪು ಗೆರೆ.

ದ್ಯಾವಮ್ಮ ಇವತ್ತಿಗೂ ಅರ್ಜಿ ಹಿಡಿದು ಕಚೇರಿ ತಿರುಗುತ್ತಾಳೆಂದು ಕೇಳಿದ್ದೆ. ಮೊನ್ನೆ ಟ್ರಂಕನ್ನು ಹಾಗೇ ಬಿಟ್ಟು ಒಂದು ಹಾಳೆಯಲ್ಲಿ, ಅಂದು ಕಾಲುವೆ ನೋಡದೆಯೇ ನೀರು ಬರೆದವನು ನಾನು ಎಂದು ಬರೆದು ಸಹಿ ಹಾಕಿದೆ. ಈ ಸಲ ಅಕ್ಷರ ಸೊಟ್ಟಗಾಯಿತು. ಮರುದಿನ ಬೆಳಗಿನ ಬಸ್ಸಿಗೆ ಅವಳ ಹಳ್ಳಿಗೆ ಹೋದೆ. ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಓದಿ ಹೇಳಿದೆ. ಅತ್ತಾಳು, ಬೈದಾಳು, ಕೊನೆಗೆ ಕ್ಷಮಿಸಿ ಚಹಾ ಕೊಟ್ಟಾಳು ಎಂದೆಲ್ಲ ದಾರಿಯುದ್ದಕ್ಕೂ ಅಂದುಕೊಂಡಿದ್ದೆ.

ಅವಳು ಸೆರಗಿಗೆ ಕೈ ಒರೆಸಿಕೊಂಡಳು.

“ಇದು ನಮಗ ಮದ್ಲೇ ಗೊತ್ತದರಿ. ನನ್ನ ಮುಂದ ಓದಿ ಏನ್ ಮಾಡ್ತೀರಿ? ನಡೀರಿ, ಕಚೇರ್ಯಾಗ ಓದ್ರಿ.”

ಸಂಜೆಯೊಳಗೆ ಮನೆ ಸೇರುವ ಯೋಚನೆಯಲ್ಲಿ ನಾನಿದ್ದೆ. ಅವಳು ಆಗಲೇ ಚಪ್ಪಲಿ ಮೆಟ್ಟಿದ್ದಳು.